ಬಸರಿಕೊಳ್ಳದಲ್ಲಿ ನಿಂತ ಸೈಕಲ್ಲು

ಈಶಪ್ಪನಿಗೆ ಗುಡ್ಡ ನಡೆಯುವ ಹುಚ್ಚು ಹಿಡಿದದ್ದು ಮಿರ್ಚಿ ಭಜಿಯಿಂದ. ಸುರಪುರದ ಬಸ್‌ಸ್ಟ್ಯಾಂಡಿನ ಎದುರು ನಿಂತು ಭಜಿ ತಿಂದವನು, ಕೈ ಒರೆಸಿಕೊಳ್ಳಲೆಂದು ಕಾಗದ ಬಿಚ್ಚಿದರೆ ಅದರಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: ಗುಡ್ಡದ ನಡಿಗೆ, ಹೊಸಬರಿಗೆ ಹತ್ತು ಸೂಚನೆಗಳು. ಯಾವುದೋ ವಾರಪತ್ರಿಕೆಯ ಹಾಳೆ. ಮೊದಲ ಐದು ಸೂಚನೆಗಳು ಎಣ್ಣೆಯಲ್ಲಿ ನೆನೆದಿದ್ದರೂ ಓದಲು ಬರುತ್ತಿದ್ದವು. ಉಳಿದ ಐದು ಇನ್ಯಾರದೋ ಭಜಿಯ ಜೊತೆ ಹೋಗಿದ್ದವು.

ಈಶಪ್ಪ ಕಾಲುವೆ ಆಫೀಸಿನ ಗುಮಾಸ್ತ. ಕಾಲುವೆಗೆ ನೀರು ಬಿಟ್ಟು ಮೂರನೆಯ ವರ್ಷ ಅದು. ಯಾವ ತೂಬಿನಿಂದ ಎಷ್ಟು ಹೊತ್ತು ನೀರು ಹರಿಯಿತೆಂದು ದಿನಾ ಬರೆಯುವವನು ಅವನೇ, ಆ ನೀರನ್ನು ಒಮ್ಮೆಯೂ ಕಣ್ಣಾರೆ ನೋಡದವನೂ ಅವನೇ. ಕುರ್ಚಿ ಅವನನ್ನು ಬಿಟ್ಟಿರಲಿಲ್ಲ, ಅವನು ಕುರ್ಚಿಯನ್ನು ಬಿಟ್ಟಿರಲಿಲ್ಲ. ನಲವತ್ತೆರಡು ವರ್ಷಕ್ಕೆ ಹೊಟ್ಟೆ ಅವನಿಗಿಂತ ಒಂದು ಗೇಣು ಮುಂದೆ ನಡೆಯುತ್ತಿತ್ತು. ಅಂಥವನು ಎರಡನೆಯ ಸೂಚನೆ ಓದಿ ಬೆವೆತುಹೋದ. "ಹೋದ ದಾರಿಯಲ್ಲೇ ಹಿಂದಿರುಗುವುದು ಸಾಮಾನ್ಯರ ನಡಿಗೆ. ಒಂದು ಕಣಿವೆಯಲ್ಲಿ ಹತ್ತಿ ಇನ್ನೊಂದು ಕಣಿವೆಯಲ್ಲಿ ಇಳಿಯಿರಿ."

ಸಾಮಾನ್ಯ! ಆ ಮಾತು ಈಶಪ್ಪನ ಎದೆಗೆ ನಾಟಿತು. ಹದಿನೆಂಟು ವರ್ಷ ಮನೆಯಿಂದ ಆಫೀಸಿಗೆ ಹೋಗಿ ಅದೇ ದಾರಿಯಲ್ಲಿ ಮನೆಗೆ ಬಂದವನು ಅವನು. ಬರುವ ಭಾನುವಾರ ಊರ ಹಿಂದಿನ ಗುಡ್ಡ ಹತ್ತಿ, ಆಚೆ ಬಸರಿಕೊಳ್ಳದಲ್ಲಿ ಇಳಿಯುವುದೆಂದು ಅಲ್ಲೇ, ಭಜಿಯಂಗಡಿಯ ಮುಂದೆಯೇ ಗೊತ್ತುಮಾಡಿದ. ಹೆಂಡತಿ ರೇಣಮ್ಮನಿಗೆ ಹೇಳಬಾರದು. ಹೇಳಿದರೆ ಆಕೆ ನಗುತ್ತಾಳೆ. ದಾಟಿ ಬಂದಮೇಲೆ, ಊಟಕ್ಕೆ ಕೂತಾಗ, ಏನೂ ಆಗಿಲ್ಲವೆಂಬಂತೆ ಹೇಳಬೇಕು.

ತಾಪತ್ರಯವೆಲ್ಲ ಬಂದದ್ದು ನಾಲ್ಕನೆಯ ಸೂಚನೆಯಿಂದ. "ಇಳಿಯುವ ಜಾಗದಲ್ಲಿ ನಿಮ್ಮ ವಾಹನವನ್ನು ಮೊದಲೇ ಬಿಟ್ಟು ಬನ್ನಿ." ಈಶಪ್ಪನ ವಾಹನವೆಂದರೆ ಸೈಕಲ್ಲು. ಗುರುವಾರ ಅರ್ಧ ದಿನ ರಜೆ ಹಾಕಿ, ಗುಡ್ಡ ಸುತ್ತಿ ಹೋಗುವ ಹದಿನೆಂಟು ಕಿಲೋಮೀಟರ್ ರಸ್ತೆಯನ್ನು ಏದುಸಿರು ಬಿಡುತ್ತ, ಮುಂದಿನ ಗಾಲಿ ಬಿಟ್ಟು ಬೇರೇನನ್ನೂ ನೋಡದೆ ತುಳಿದು ಬಸರಿಕೊಳ್ಳ ಮುಟ್ಟಿದ. ಗುಡ್ಡದ ಕಾಲುದಾರಿ ಬಂದು ಇಳಿಯುವಲ್ಲಿ ಒಂದೇ ಒಂದು ಮನೆ. ಅಂಗಳದಲ್ಲಿ ದೇವಕಮ್ಮನೆಂಬ ಮುದುಕಿ ತೊಗರಿ ಹಸನು ಮಾಡುತ್ತಿದ್ದಳು.

"ಅಮ್ಮಾ, ಇಲ್ಲಿ ನನ್ನ ಸೈಕಲ್ ಬಿಡ್ತೀನ್ರಿ. ಐತ್ವಾರ ಬಂದು ಒಯ್ತೀನಿ."

"ಪಂಚರ್ ಆಗ್ಯಾದೇನಪಾ?"

"ಇಲ್ರಿ."

"ಮತ್ತ ನಿನಗ ಆರಾಮಿಲ್ಲೇನು?"

"ನಾ ಆರಾಮ ಅದೀನ್ರಿ."

"ಸೈಕಲ್ಲೂ ಆರಾಮ ಅದ, ನೀನೂ ಆರಾಮ ಅದಿ. ಹತ್ತಿ ಮನಿಗಿ ಹೋಗು."

"ಮನಿಗಿ ಬಸ್ಸಿಗಿ ಹೋಗ್ತೀನ್ರಿ. ಐತ್ವಾರ ಗುಡ್ಡದ ಮ್ಯಾಲಿಂದ ನಡಕೊಂತ ಇಲ್ಲಿಗಿ ಬರ್ತೀನಿ. ಇಲ್ಲಿಂದ ಸೈಕಲ್ ಮ್ಯಾಲ ಮತ್ತ ಮನಿಗಿ ಹೋಗ್ತೀನಿ."

ದೇವಕಮ್ಮ ಮೊರ ಕೆಳಗಿಟ್ಟಳು. "ಇಲ್ಲಿ ಏನ್ ಕೆಲಸ ಅದ ನಿನಗ?"

"ಏನೂ ಇಲ್ರಿ."

"ಏನೂ ಕೆಲಸಿಲ್ಲದ ಊರಿಗಿ ಎರಡೆರಡ ಸಲ ಬರ್ತಿ?" ಆಕೆ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. "ಮನ್ಯಾಗ ಹಿರೇರು ಯಾರೂ ಇಲ್ಲೇನಪಾ ನಿನಗ? ಇರ್ಲಿ, ಇಡು. ನಾ ನೋಡ್ಕೋತೀನಿ. ನೀ ಜ್ವಾಕಿಲೆ ಹೋಗು."

ಮೂರರ ಬಸ್ಸಿನಲ್ಲಿ ಕಂಡಕ್ಟರ್ ಮೈನುದ್ದೀನ. ಈಶಪ್ಪನ ಪಕ್ಕದ ಮನೆಯ ಹೊಲಿಗೆಯ ಅಖ್ತರಬೇಗಂಳ ತಮ್ಮ.

"ಏನ್ರಿ ಗುಮಾಸ್ತ್ರೆ, ಸೈಕಲ್ ಬಿಟ್ಟು ಬಸ್ಸಿಗಿ? ಎಲ್ಲದ ಸೈಕಲ್?"

"ಇಲ್ಲೇ ಬಿಟ್ಟೀನಿ."

"ಇಲ್ಲೆಂದ್ರ ಯಾರ ಮನ್ಯಾಗ?"

"ದೇವಕಮ್ಮನ ಮನ್ಯಾಗ," ಎಂದ ಈಶಪ್ಪ, ತುಂಬಿದ ಬಸ್ಸಿನಲ್ಲಿ, ಎಲ್ಲರಿಗೂ ಕೇಳುವಂತೆ. ಮೈನುದ್ದೀನ ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಅವನನ್ನು ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ, "ಕೂಡ್ರಿ, ಸರ, ಕೂಡ್ರಿ," ಎಂದ.

ಇಲ್ಲಿ ಒಂದು ಮಾತು ಹೇಳಬೇಕು. ಈ ಸೀಮೆಯಲ್ಲಿ ಸೈಕಲ್ಲೆಂದರೆ ಬರೀ ಸೈಕಲ್ಲಲ್ಲ. ಅದು ನಿಂತಲ್ಲಿ ಅದರ ಯಜಮಾನ ಇದ್ದಾನೆಂದೇ ಅರ್ಥ. ಹೋಟೆಲಿನ ಮುಂದಿದ್ದರೆ ಚಹಾ ಕುಡಿಯುತ್ತಿದ್ದಾನೆ, ಕಚೇರಿಯ ಮುಂದಿದ್ದರೆ ಕೆಲಸವಾಗಿಲ್ಲ. ಯಾರನ್ನಾದರೂ ಹುಡುಕಬೇಕಾದರೆ ಜನ ಮುಖ ಹುಡುಕುವುದಿಲ್ಲ, ಸೈಕಲ್ ಹುಡುಕುತ್ತಾರೆ. ಅದರಲ್ಲೂ ಈಶಪ್ಪನ ಸೈಕಲ್ಲಿನ ಸೀಟಿಗೆ ರೇಣಮ್ಮ ಕೈಯಾರೆ ಹೆಣೆದ ಹಸಿರು ಉಣ್ಣೆಯ ಗೌಸು, ಅದಕ್ಕೆ ಕೆಂಪು ಗೊಂಡೆ. ಚೈನ್ ಕವರಿನ ಮೇಲೆ "ಈಶಪ್ಪ, ಕಾಲುವೆ ಆಫೀಸು, ಸುರಪುರ" ಎಂದು ಬಣ್ಣದಲ್ಲಿ ಬರೆಸಿದ್ದ. ಅಡಗಿಸಿಡುವಂಥ ಸೈಕಲ್ಲಲ್ಲ ಅದು.

ಅಂದು ಸಂಜೆ ರೇಣಮ್ಮ, "ಸೈಕಲ್ ಎಲ್ರಿ?" ಎಂದಳು. "ರಿಪೇರಿಗಿ ಹಾಕೀನಿ," ಎಂದ ಈಶಪ್ಪ. ಸಣ್ಣ ಸುಳ್ಳು. ಮೂರು ದಿನದ ಮಟ್ಟಿಗೆ ಸಾಕು ಎಂದುಕೊಂಡಿದ್ದ. ಅದು ಒಂದು ದಿನವೂ ಬಾಳಲಿಲ್ಲ.

ಮೈನುದ್ದೀನ ಅಕ್ಕನಿಗೆ ಹೇಳಿದ್ದು ಇಷ್ಟೇ: "ಗುಮಾಸ್ತರ ಸೈಕಲ್ ಬಸರಿಕೊಳ್ಳದಾಗ ಒಬ್ಬಾಕಿ ಹೆಣ್ಮಗಳ ಮನಿ ಮುಂದ ನಿಂತದ." ಆತ ವಯಸ್ಸು ಹೇಳಿರಲಿಲ್ಲ, ಅವನಿಗೆ ಗೊತ್ತೂ ಇರಲಿಲ್ಲ. ಆದರೆ ವಯಸ್ಸಿಲ್ಲದ ಹೆಂಗಸನ್ನು ಓಣಿ ಎಷ್ಟು ಹೊತ್ತು ತಾನೇ ಸಹಿಸೀತು? ಶುಕ್ರವಾರ ಬೆಳಿಗ್ಗೆ ನಳದ ಹತ್ತಿರ ದೇವಕಮ್ಮನಿಗೆ ನಲವತ್ತು ವರ್ಷವಾಗಿತ್ತು. ಹಿಟ್ಟಿನ ಗಿರಣಿಯಲ್ಲಿ ಮೂವತ್ತಾಯಿತು. ಮಧ್ಯಾಹ್ನ ಅಖ್ತರಬೇಗಂ ರೇಣಮ್ಮನ ಕಟ್ಟೆಗೆ ಬಂದು ಕೂರುವಷ್ಟರಲ್ಲಿ ಆಕೆ ಇಪ್ಪತ್ತೈದರವಳು, ಮೊಣಕಾಲಿನವರೆಗೆ ಜಡೆ.

"ನೋಡು ರೇಣಕ್ಕಾ, ಅಲ್ಲಾ ಕಸಮ್, ನಾ ಒಂದಕ್ಷರ ಕೂಡಿಸಿ ಹೇಳಾಕಿ ಅಲ್ಲ," ಎಂದಳು ಅಖ್ತರಬೇಗಂ. "ಜಡಿ ಮಾತ್ರ ಇಷ್ಟುದ್ದ ಅಂತ."

ಸಂಜೆ ಈಶಪ್ಪ ಊಟಕ್ಕೆ ಕೂತ. ರೇಣಮ್ಮ ರೊಟ್ಟಿ ಬಡಿಸಿದಳು. ಪಲ್ಯ ಬಡಿಸಿದಳು. ಮೊಸರು ಬಡಿಸಿದಳು. ಆಕೆ ಇಷ್ಟೊಂದು ಸುಮ್ಮನಿದ್ದದ್ದು ಮದುವೆಯ ದಿನ ಬಿಟ್ಟರೆ ಇದೇ ಮೊದಲು.

"ಸೈಕಲ್ ರಿಪೇರಿ ಆತೇನ್ರಿ?"

"ನಾಡದ ಕೊಡ್ತೀನಂದಾರ."

"ಯಾರು, ದೇವಕಮ್ಮನಾ?"

ಈಶಪ್ಪನ ಕೈಯಲ್ಲಿದ್ದ ರೊಟ್ಟಿ ಮೊಸರಿನಲ್ಲಿ ಮುಳುಗಿತು. ಇನ್ನು ಖರೆ ಹೇಳದೆ ಗತಿಯಿಲ್ಲವೆಂದು, ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದ. ಸಾಮಾನ್ಯರ ನಡಿಗೆ, ಎರಡು ಕಣಿವೆ, ಮೊದಲೇ ಬಿಟ್ಟು ಬರಬೇಕಾದ ವಾಹನ. ಹೇಳುತ್ತ ಹೇಳುತ್ತ ಅವನಿಗೇ ಅದು ಸುಳ್ಳಿನಂತೆ ಕೇಳಿಸತೊಡಗಿತು.

ರೇಣಮ್ಮ ಪೂರಾ ಕೇಳಿದಳು. "ಸುಳ್ಳಾದ್ರೂ ನಂಬೂವಂಥಾದ್ದು ಹೇಳ್ರಿ! ಸೈಕಲ್ ಅಲ್ಲಿ ಬಿಟ್ಟು, ಬಸ್ಸಿಗಿ ಇಲ್ಲಿ ಬಂದು, ಇಲ್ಲಿಂದ ಗುಡ್ಡಾ ಹತ್ತಿ ಮತ್ತ ಅಲ್ಲಿಗೇ ಹೋಗಿ, ಬಿಟ್ಟ ಸೈಕಲ್ ತಗೊಂಡು ಮತ್ತ ಇಲ್ಲಿಗೇ ಬರ್ತಾರೇನ್ರಿ ಯಾರರ? ಯಾಕಂತ?"

"ಸುಮ್ನ, ನಡೀಲಿಕ್ಕೆ."

"ಸುಮ್ನ ನಡೀತಾರ?" ಆಕೆಯ ದನಿ ಓಣಿಯ ಆಚೆ ಬದಿಗೆ ಹೋಯಿತು. "ಕಾಯಿಪಲ್ಯ ತರ್ರಿ ಅಂದ್ರ ಸಂತಿಗಿ ನಡೀವಲ್ರಿ!"

ಈಶಪ್ಪ ಕೊನೆಯ ಅಸ್ತ್ರವಾಗಿ ಅಂಗಿಯ ಕಿಸೆಯಿಂದ ಆ ಕಾಗದ ತೆಗೆದುಕೊಟ್ಟ. ರೇಣಮ್ಮ ಅದನ್ನು ಓದಲಿಲ್ಲ, ಮೂಗಿಗೆ ಹಿಡಿದಳು. "ಭಜಿ! ಡಾಕ್ಟರು ಬ್ಯಾಡಂದ್ರೂ ಭಜಿ ತಿಂದೀರಿ!" ಹೀಗೆ ಒಂದು ಅಪರಾಧಕ್ಕೆ ಸಾಕ್ಷಿ ಕೊಡಲು ಹೋಗಿ ಎರಡನೆಯದನ್ನು ಅವನೇ ಒಪ್ಪಿಸಿದಂತಾಯಿತು.

ಆಕೆ ಮಂಚದ ಕೆಳಗಿನಿಂದ ತಗಡಿನ ಟ್ರಂಕು ಎಳೆದು ನಡುಮನೆಯಲ್ಲಿಟ್ಟಳು. "ಐತ್ವಾರದ ತನಕಾ ನೋಡ್ತೀನಿ. ಹಕೀಕತ್ ಏನಂತ ತಿಳೀಲಿಲ್ಲಂದ್ರ ಸ್ವಾಮಾರ ಮುಂಜಾನಿ ನಾ ತವರಿಗಿ. ಆಮ್ಯಾಲ ನೀವದೀರಿ, ನಿಮ್ಮ ಸೈಕಲ್ ಅದ, ಆ ಜಡಿ ಅದ."

ಈಶಪ್ಪನಿಗೆ ನಿದ್ದೆ ಹಾರಿತು. ಹದಿನೆಂಟು ವರ್ಷದ ಸಂಸಾರ ಸೈಕಲ್ಲಿನ ಒಂದು ಸ್ಟ್ಯಾಂಡಿನ ಮೇಲೆ ನಿಂತಿತ್ತು.

ಶನಿವಾರ ಅಮಾವಾಸ್ಯೆ. ಮಧ್ಯಾಹ್ನಕ್ಕೆ ಅತ್ತೆ ಮುದುಕಮ್ಮ ಬಂದಳು. ಜೊತೆಗೆ ಆಕೆಯ ಮಗ, ರೇಣಮ್ಮನ ತಮ್ಮ ದುರಗಪ್ಪ. ಶಹಾಪುರದ ಕಡೆ ಹೆಡ್ ಕಾನ್‌ಸ್ಟೇಬಲ್, ರಜೆಯ ಮೇಲೆ ಊರಿಗೆ ಬಂದಿದ್ದ. ಅಳಿಯನ ಜೊತೆ ನೇರವಾಗಿ ಮಾತಾಡುವ ರೂಢಿ ಮುದುಕಮ್ಮನ ಕಾಲದಲ್ಲಿ ಇರಲಿಲ್ಲ. ಅದಕ್ಕೆ ಆಕೆ ಸೆರಗು ಎಳೆದುಕೊಂಡು, ನಡುಮನೆಯ ಕಂಬಕ್ಕೆ ಹೇಳಿದಳು:

"ಕಂಬಾ, ಕೇಳು. ನನ್ನ ಮಗಳಿಗಿ ಏನ್ ಕಡಿಮಿ ಅಂತ ಕೇಳು."

"ಏನೂ ಕಡಿಮಿ ಇಲ್ರಿ ಅತ್ತಿ," ಎಂದ ಈಶಪ್ಪ.

"ಮಾತಾಡಬ್ಯಾಡ ಅಂತ ಹೇಳು, ಕಂಬಾ."

ದುರಗಪ್ಪ ನೋಟುಬುಕ್ಕು ತೆಗೆದ. ಮನೆಯ ಮಾತೆಂದು ಅವನೇನೂ ಸಡಿಲು ಬಿಡಲಿಲ್ಲ.

"ಮಾಮಾ, ಸೈಕಲ್ ಯಾರರ ಕದ್ದು ಒಯ್ದ್ರೋ, ನೀವೇ ಒಯ್ದ್ರೋ?"

"ನಾನೇ ಒಯ್ದೆ."

"ಒಯ್ದು, ಬಿಟ್ಟು, ಬಂದ್ರಿ."

"ಹೌದು."

"ತರಾಕ ಮತ್ತ ಹೋಗ್ತೀರಿ."

"ಹೌದು."

"ಬಿಡದೇ ಇದ್ದಿದ್ರ ತರೂ ಕೆಲಸಾನೇ ಇರತಿರಲಿಲ್ಲ."

ಈಶಪ್ಪ ಕಂಬದ ಕಡೆ ನೋಡಿದ. "ಹೌದು," ಎಂದ.

"ಒಪ್ಪಿಕೊಂಡ್ರು," ಎಂದು ದುರಗಪ್ಪ ಬರೆದುಕೊಂಡ.

ಇಷ್ಟಕ್ಕೇ ಮುಗಿದಿದ್ದರೆ ಹೇಗೋ ಸುಧಾರಿಸುತ್ತಿತ್ತು. ಅಷ್ಟರಲ್ಲಿ ಮೂರರ ಬಸ್ಸು ಬಂತು, ಬಸ್ಸಿನ ಹಿಂದೆಯೇ ಅಖ್ತರಬೇಗಂ ಬಾಗಿಲಿಗೆ ಬಂದಳು. ಮೈನುದ್ದೀನ ಕಣ್ಣಾರೆ ಕಂಡದ್ದು: ಸೈಕಲ್ಲಿಗೆ ಅರಿಷಿಣ, ಕುಂಕುಮ, ಹ್ಯಾಂಡಲ್ಲಿಗೆ ಚೆಂಡುಹೂವಿನ ಮಾಲೆ, ಮುಂದಿನ ಗಾಲಿಗೆ ಲಿಂಬೆಹಣ್ಣು. ಬಿಸಿಲು ಬಡಿಯದಂತೆ ಮೇಲೊಂದು ಕೌದಿ.

ಅಮಾವಾಸ್ಯೆಯ ದಿನ ಮನೆಯಲ್ಲಿದ್ದ ಗಾಲಿಗೆಲ್ಲ ಪೂಜೆ ಮಾಡುವುದು ಎಲ್ಲರ ಪದ್ಧತಿ, ಪರರ ಗಾಲಿಯಾದರೂ ತನ್ನ ಅಂಗಳದಲ್ಲಿದ್ದರೆ ಬಿಡಬಾರದೆಂಬುದು ದೇವಕಮ್ಮನ ಪದ್ಧತಿ. ಆದರೆ ಆ ವಿಚಾರ ಯಾರ ತಲೆಗೂ ಹೊಳೆಯಲಿಲ್ಲ. ಪೂಜೆ ಮಾಡುವುದು ಮನೆಯ ಗಾಡಿಗೆ. ಗಾಡಿ ಮನೆಯದಾದಮೇಲೆ ಯಜಮಾನ ಯಾರವನು?

"ಕಂಬಾ," ಎಂದಳು ಮುದುಕಮ್ಮ, ಸೆರಗಿನಿಂದ ಕಣ್ಣೊತ್ತಿಕೊಂಡು. "ಸೈಕಲ್ಲಿಗೇ ಕೌದಿ ಹೊಚ್ಚಾಕಿ, ಸೈಕಲ್ಲಿನವನಿಗಿ ಏನೇನ್ ಹೊಚ್ಚ್ಯಾಳೋ!"

ಸಂಜೆಯ ಹೊತ್ತಿಗೆ ಸುದ್ದಿ ಯಾದಗಿರಿಯ ರೈಲ್ವೆ ಸ್ಟೇಶನ್ನು ಮುಟ್ಟಿತ್ತು. ಅಲ್ಲಿಂದ ಬಂದ ಆಫೀಸಿನ ಜವಾನ ಈಶಪ್ಪನ ಕೈ ಕುಲುಕಿ, "ನಮಗೂ ಒಂದ್ ಮಾತ ಹೇಳಬಾರದೇನ್ರಿ ಸಾಹೇಬ್ರ," ಎಂದು ಬೇಸರ ಮಾಡಿಕೊಂಡ.

ತೀರ್ಮಾನ ಮಾಡಿದವಳು ಮುದುಕಮ್ಮ, ಕಂಬದ ಮೂಲಕ. ತಾನು, ದುರಗಪ್ಪ, ಅಖ್ತರಬೇಗಂ ಭಾನುವಾರ ಮೊದಲ ಬಸ್ಸಿಗೆ ಬಸರಿಕೊಳ್ಳಕ್ಕೆ ಹೋಗಿ ಆ ಜಡೆಯನ್ನು ಹಿಡಿದು ಕೂರುವುದು. ಅಳಿಯ ಗುಡ್ಡದ ಮೇಲಿಂದ ನಡೆದೇ ಬರಬೇಕು. ದಾಟಿ ಬಂದರೆ ಅವನ ಮಾತು ಅರ್ಧ ಖರೆ. ಮೋಸ ಆಗದಂತೆ ರೇಣಮ್ಮ ಜೊತೆಗೇ ನಡೆಯುವುದು.

ಒಬ್ಬನೇ, ಯಾರಿಗೂ ಗೊತ್ತಾಗದಂತೆ ಹೋಗಬೇಕೆಂದಿದ್ದ ನಡಿಗೆಗೆ ಭಾನುವಾರ ಬೆಳಿಗ್ಗೆ ಬೀಳ್ಕೊಡಲು ಇಡೀ ಓಣಿ ನೆರೆದಿತ್ತು. ಮೂರನೆಯ ಸೂಚನೆಯ ಪ್ರಕಾರ ಈಶಪ್ಪನ ಹೆಗಲಲ್ಲಿ ಬಾವಿಯ ಹಗ್ಗ, ಕೊರಳಲ್ಲಿ ಸೀಟಿ, ಚೀಲದಲ್ಲಿ ಗ್ಲೂಕೋಸು, ಬ್ಯಾಟರಿ, ಕೊಡೆ. ರೇಣಮ್ಮನ ತಲೆಯ ಮೇಲೆ ರೊಟ್ಟಿಯ ಗಂಟು, ಅಷ್ಟೇ.

ಗುಡ್ಡದ ಬುಡದಲ್ಲಿ ಅವನು ಐದನೆಯ ಸೂಚನೆ ಓದಿ ಹೇಳಿದ. "ಎಲ್ಲಾರಿಗಿಂತ ನಿಧಾನ ನಡಿಯಾವ್ರು ಮುಂದಿರಬೇಕಂತ. ನೀ ಮುಂದ ನಡಿ."

ರೇಣಮ್ಮ ಮುಂದೆ ನಡೆದಳು. ಐದು ನಿಮಿಷದಲ್ಲಿ ಕಾಣದಾದಳು.

ಅರ್ಧ ಗುಡ್ಡದಲ್ಲಿ ಈಶಪ್ಪನ ಕಾಲು ಒಂದು ಕಡೆ, ಉಸಿರು ಒಂದು ಕಡೆ. ಅವಳನ್ನು ನಿಲ್ಲಿಸಲೆಂದು ಸೀಟಿ ಊದಿದ. ರೇಣಮ್ಮ ಬರಲಿಲ್ಲ. ಪೊದೆಯ ಹಿಂದಿನಿಂದ ಇಪ್ಪತ್ತು ಆಡು ಬಂದು ಅವನ ಸುತ್ತ ನಿಂತವು. ಮತ್ತೆ ಊದಿದ. ಇನ್ನೂ ಹತ್ತು ಬಂದವು. ಆಡಿನ ಹಿಂದೆ ಆಡು ಕಾಯುವ ಹುಲಗಪ್ಪ ಬಡಿಗೆ ಎತ್ತಿಕೊಂಡೇ ಬಂದ.

"ಯಾರಲೇ ಅದು, ಹಾಡಹಗಲ ಹಗ್ಗ ತಗೊಂಡು ಸೀಟಿ ಊದಿ ಆಡು ಕದಿಯಾಂವ!"

"ಕದಿಯಾಂವ ಅಲ್ಲೋ ಯಪ್ಪಾ, ನಾ ಗುಡ್ಡಾ ನಡಿಯಾಕ ಬಂದೀನಿ!"

"ಯಾಕ?"

ಆ ಪ್ರಶ್ನೆ! ಮೂರು ದಿನದಲ್ಲಿ ಅದನ್ನು ಎಷ್ಟು ಸಲ ಕೇಳಿಸಿಕೊಂಡಿದ್ದನೋ. ಈಶಪ್ಪ ಕಲ್ಲಿನ ಮೇಲೆ ಕುಸಿದು, "ನನಗೂ ಗೊತ್ತಿಲ್ಲೋ," ಎಂದ. ಮೇಲಿನಿಂದ ರೇಣಮ್ಮ ಕೂಗಿದಳು, "ಏ ಹುಲಗಪ್ಪಣ್ಣಾ, ಬಿಡು ಅವರನ್ನ, ಮನಿಯವರು!" ಹುಲಗಪ್ಪ ತಲೆಯೆತ್ತಿ ನೋಡಿ, ಮುಖ ಅರಳಿಸಿ, "ಕಟ್ಟಿಗಿ ರೇಣವ್ವ ಅಲ್ಲೇನು! ಎಷ್ಟ್ ವರ್ಷಾತವ್ವಾ!" ಎಂದ. ಆಮೇಲೆ ಈಶಪ್ಪನ ಚೀಲ, ಹಗ್ಗ, ಕೊಡೆ ಎಲ್ಲವನ್ನೂ ತಾನೇ ಹೊತ್ತು ನೆತ್ತಿಯವರೆಗೆ ತಂದುಕೊಟ್ಟು, ಆಡು ಹೊಡೆದುಕೊಂಡು ಇಳಿದ.

"ಅಂವಾ ನಿನಗ ಹ್ಯಾಂಗ ಗೊತ್ತು?" ಎಂದ ಈಶಪ್ಪ, ಉಸಿರು ಸಿಕ್ಕಮೇಲೆ.

"ಗೊತ್ತಿಲ್ದ ಏನು? ಈ ಗುಡ್ಡದ ಬುಡದಾಗೇ ಅಲ್ಲೇನು ನಮ್ಮ ತವರು? ಲಗ್ನ ಆಗೂ ತನಕ ದಿನಾ ಎರಡ ಸಲ ಇದನ್ನ ಹತ್ತೀನಿ. ಇಳಿವಾಗ ತಲಿಮ್ಯಾಲ ಹೊರಿ ಕಟ್ಟಿಗಿ."

"ದಿನಾ? ಎರಡ ಸಲ?"

"ಮತ್ತ ಒಲಿ ತಾನಾಗೇ ಉರೀತದೇನ್ರಿ?"

"ಹಂಗಂದ್ರ ನನಗ್ಯಾಕ ಹೇಳಲಿಲ್ಲ ನೀ?"

"ನೀವು ಕೇಳಿದ್ರೇನು?" ಎಂದಳು ಆಕೆ. ಆಮೇಲೆ ಎದ್ದು ನೆತ್ತಿಯ ಅಂಚಿಗೆ ಹೋಗಿ ನಿಂತಳು. "ಆದ್ರ ಆ ಕಡಿ ಇಳಿದಿಲ್ಲ ನಾ. ಆ ಕಡಿ ಕಟ್ಟಿಗಿ ಆ ಕಡಿಯವರದು. ಇಲ್ಲಿ ನಿಂತು ನೋಡಿ ತಿರುಗಿ ಹೋಗ್ತಿದ್ದೆ." ಕೆಳಗೆ ಬೆರಳು ತೋರಿಸಿ, "ಅದು ಏನ್ರಿ, ಹೊಳೀತದಲ್ಲ?" ಎಂದಳು.

ಈಶಪ್ಪ ಹೋಗಿ ನೋಡಿದ. ಕೆಳಗೆ ಬಸರಿಕೊಳ್ಳ. ಹಿಂದೆ ಜಾಲಿ ಮಾತ್ರ ಇದ್ದಲ್ಲಿ ಭತ್ತದ ಹಸಿರು, ಅದರ ನಡುವೆ ಬಿಸಿಲಿಗೆ ಕಣ್ಣು ಕುಕ್ಕುವ ಒಂದು ಗೆರೆ.

"ಕಾಲುವಿ," ಎಂದ. "ಹನ್ನೆರಡನೇ ತೂಬು. ದಿನಾ ನಾನೇ ಬರೀತೀನಿ."

"ಇಷ್ಟ ಅಗಲ ಅದ ಅಂತ ಬರದೀರೇನು?"

ಬರೆದಿರಲಿಲ್ಲ. ಇಬ್ಬರೂ ಅಲ್ಲೇ ಕೂತು ರೊಟ್ಟಿ ತಿಂದರು. ರೇಣಮ್ಮ ಮಾತ್ರ ಕೈ ತೊಳೆಯುತ್ತ, "ಜಡಿ ವಿಚಾರ ನಾ ಮರ್ತಿಲ್ಲ, ನೆಪ್ಪಿರಲಿ," ಎಂದಳು.

ಇಳಿಯುವುದು ಹತ್ತುವುದಕ್ಕಿಂತ ಸುಲಭವೆಂದು ಹೇಳುವವರು ಇಳಿದಿರುವುದಿಲ್ಲ. ಈಶಪ್ಪ ಮೊದಲ ಕಾಲುಭಾಗ ದಾರಿಯನ್ನು ನಡೆದು ಇಳಿದ, ಉಳಿದದ್ದನ್ನು ಕೂತು ಇಳಿದ. ಪ್ಯಾಂಟಿನ ಹಿಂಭಾಗ ಗುಡ್ಡದಲ್ಲೇ ಉಳಿಯಿತು. ಕೊಡೆಯನ್ನು ಹಿಂದೆ ಬಿಚ್ಚಿ ಹಿಡಿದುಕೊಂಡು ದೇವಕಮ್ಮನ ಅಂಗಳ ತಲುಪಿದಾಗ ಎರಡು ಗಂಟೆ.

ಒಳಗಿನಿಂದ ಹೆಂಗಸರ ದೊಡ್ಡ ದನಿ. ರೇಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳನುಗ್ಗಿದಳು. ನುಗ್ಗಿದವಳು ಅಲ್ಲೇ ನಿಂತಳು.

ಇನ್ನೊಂದು ಕೌದಿಯ ಮೇಲೆ ಮುದುಕಮ್ಮನೂ ದೇವಕಮ್ಮನೂ ಕೈ ಕೈ ಹಿಡಿದು ಕೂತಿದ್ದರು. ಇಬ್ಬರ ತವರೂ ದೇವಾಪುರ. ಒಂದೇ ಬಾವಿಯ ನೀರು ಕುಡಿದವರು. ಬಂದ ಹತ್ತು ನಿಮಿಷ ಜಗಳ, ಆಮೇಲೆ "ನೀ ಯಾರ ಮಗಳು?" ಎಂಬ ಮಾತು, ಆಮೇಲೆ ಅಳು, ಈಗ ನಗು. ದುರಗಪ್ಪ ಮೂರನೆಯ ಹೋಳಿಗೆಯಲ್ಲಿದ್ದ. ಅಖ್ತರಬೇಗಂ ದೇವಕಮ್ಮನ ಕುಪ್ಪಸದ ಅಳತೆ ತೆಗೆಯುತ್ತಿದ್ದಳು. ದೇವಕಮ್ಮನ ಬಾಯಲ್ಲಿ ಮೂರು ಹಲ್ಲು, ತಲೆಯ ಮೇಲೆ ಅಡಿಕೆಯಷ್ಟು ತುರುಬು.

ರೇಣಮ್ಮ ಆ ತುರುಬನ್ನು ನೋಡಿದಳು. ಅಖ್ತರಬೇಗಂಳನ್ನು ನೋಡಿದಳು. ಅಖ್ತರಬೇಗಂ ಗಡಬಡಿಸಿ ಟೇಪು ನೋಡತೊಡಗಿದಳು.

"ಬಂದೇನಪಾ?" ಎಂದಳು ದೇವಕಮ್ಮ ಈಶಪ್ಪನಿಗೆ. "ಖರೇನೇ ನಡಕೊಂತ ಬಂದಿ! ಪಾಪ, ನಿನ್ನ ಮಾತ ಯಾರೂ ನಂಬಲಿಲ್ಲಂತ. ನನಗ ಅವತ್ತೇ ತಿಳೀತು, ಇಂವಾ ಸುಳ್ಳ ಹೇಳಾಂವ ಅಲ್ಲ. ತಲಿ ಅಷ್ಟ ಸರಿ ಇಲ್ಲ."

ದುರಗಪ್ಪ ಹೋಳಿಗೆಯ ಕೈಯಲ್ಲೇ ನೋಟುಬುಕ್ಕು ತೆಗೆದು ಅದನ್ನೂ ಬರೆದುಕೊಂಡು, ಕೆಳಗೆ ಗೆರೆ ಎಳೆದ. ತನಿಖೆ ಮುಗಿಯಿತು.

ಈಶಪ್ಪ ಹೆಂಡತಿಯ ಕಡೆ ತಿರುಗಿ, ಕೊಡೆಯನ್ನು ಹಿಂದೆ ಭದ್ರವಾಗಿ ಹಿಡಿದು, "ಈಗಾರ ನಂಬ್ತೀಯೇನು?" ಎಂದ.

"ನಂಬಿದೆ," ಎಂದಳು ರೇಣಮ್ಮ, ಹಣೆ ಚಚ್ಚಿಕೊಂಡು. "ಇನ್ನೊಬ್ಬಾಕಿ ಇದ್ದಿದ್ರ ಜಗಳಾನಾರ ಮಾಡ್ತಿದ್ದೆ, ತವರಿಗಿ ಹೋಗ್ತಿದ್ದೆ. ಸುಮ್ನ ನಡೀತೀನಿ ಅನ್ನಾಂವಗ ಏನ್ ಮಾಡ್ಲಿ ನಾ? ಯಾರ ಮುಂದ ಹೇಳ್ಲಿ?"

ಹೋಳಿಗೆ ಉಣ್ಣದೆ ಬಿಡುವ ಪ್ರಶ್ನೆಯೇ ಇರಲಿಲ್ಲ. ಉಂಡೆದ್ದು ಈಶಪ್ಪ ಸೈಕಲ್ಲಿನ ಕೌದಿ ಸರಿಸಿ, ಹೂವಿನ ಮಾಲೆ ತೆಗೆದು, ಸೀಟಿನ ಮೇಲೆ ಕೂತ. ಕೂತವನು ಹಾಗೇ "ಅಯ್ಯಯ್ಯೋ" ಎಂದು ಎದ್ದ. ಗುಡ್ಡದಲ್ಲಿ ಕೂತು ಇಳಿದದ್ದರ ಪರಿಣಾಮ. ಮತ್ತೊಮ್ಮೆ ಕೂತ, ಮತ್ತೊಮ್ಮೆ ಎದ್ದ. ಹದಿನೆಂಟು ಕಿಲೋಮೀಟರ್ ಹೀಗೆ ಹೋಗುವಂತಿರಲಿಲ್ಲ.

ಅಷ್ಟರಲ್ಲಿ ಮೂರರ ಬಸ್ಸು ಬಂತು. ಮುದುಕಮ್ಮ, ದುರಗಪ್ಪ, ಅಖ್ತರಬೇಗಂ ಹತ್ತಿದರು.

"ಮೈನುದ್ದೀನ, ಸೈಕಲ್ ಮ್ಯಾಲ ಏರಿಸಪಾ," ಎಂದ ಈಶಪ್ಪ.

ಮೈನುದ್ದೀನ ಏಣಿಗೆ ಕಾಲಿಟ್ಟಿದ್ದ. ರೇಣಮ್ಮ ಬಸ್ಸಿನ ಮೆಟ್ಟಿಲ ಮೇಲೆ ನಿಂತು, "ಬ್ಯಾಡ, ಇರಲಿ ಬಿಡು," ಎಂದಳು. "ಹುಣ್ಣಿವಿಗಿ ಮತ್ತ ಬರ್ತೀವಲ್ಲ. ದೇವಕಮ್ಮತ್ತಿ ಕರದಾಳ. ಗುಡ್ಡದ ಮ್ಯಾಲಿಂದಾನೇ ಬರ್ತೀವಿ, ಎಷ್ಟ್ ಛಂದ ಕಾಣಸ್ತದ ಆ ಕಾಲುವಿ."

ಈಶಪ್ಪನ ಬಾಯಿ ತೆರೆಯಿತು. "ಹುಣ್ಣಿವಿಗಿ? ಮತ್ತ ಗುಡ್ಡಾ? ಏ, ಹದಿನೈದ ದಿನ ನಾ ಆಫೀಸಿಗಿ ಹ್ಯಾಂಗ ಹೋಗ್ಲೇ?"

ಆಗಲೇ ದೇವಕಮ್ಮ ಕೌದಿಯನ್ನು ಮತ್ತೆ ಸೈಕಲ್ಲಿನ ಮೇಲೆ ಹೊಚ್ಚುತ್ತಿದ್ದಳು. ರೇಣಮ್ಮ ಒಳಗೆ ಹೋಗಿ ಕಿಟಕಿಯ ಪಕ್ಕ ಆರಾಮಾಗಿ ಕೂತು, ತುಂಬಿದ ಬಸ್ಸಿಗೆಲ್ಲ ಕೇಳುವಂತೆ ಹೇಳಿದಳು:

"ನಡಕೊಂತ ಹೋಗ್ರಿ!"